ಗೊರಗೊರ ಸದ್ದಿನ ಬೆನ್ನು ಹತ್ತಿದ ಕಾರ್ಲ್ ಜಾನ್ಸ್ಕಿ

1927ರ ಜನವರಿಯಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ನಡುವೆ ರೇಡಿಯೊ ಅಲೆಗಳ ಮೂಲಕ ದೂರವಾಣಿ ಸಂಪರ್ಕ ಆರಂಭವಾಯಿತು. ಮೊದಲ ಮೂರು ನಿಮಿಷಗಳ ಮಾತಿಗೆ 75 ಡಾಲರ್ ಶುಲ್ಕ. ಅಂದಿನ ಸಾಮಾನ್ಯ ನೌಕರನಿಗೆ ಅದು ವಾರಗಟ್ಟಲೆಯ ದುಡಿಮೆ. ಅಷ್ಟು ಹಣ ತೆತ್ತವರಿಗೂ ಎಷ್ಟೋ ಸಲ ಆಚೆ ದಡದ ಮಾತಿಗಿಂತ ಹೆಚ್ಚಾಗಿ ಕೇಳಿಸುತ್ತಿದ್ದುದು ಗೊರಗೊರ, ಚಟಪಟ ಸದ್ದು. ಈ ಸದ್ದು ಎಲ್ಲಿಂದ ಬರುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ, ಅದನ್ನು ತಪ್ಪಿಸಲು ಆಂಟೆನಾಗಳನ್ನು ಹೇಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗಳು ಬೆಲ್ ಟೆಲಿಫೋನ್ ಪ್ರಯೋಗಾಲಯದ ಎಂಜಿನಿಯರುಗಳನ್ನು ಕಾಡುತ್ತಿದ್ದವು. ಮರುವರ್ಷ ಆ ಪ್ರಶ್ನೆಗಳನ್ನು ಬಿಡಿಸುವ ಕೆಲಸ ಇಪ್ಪತ್ತಮೂರು ತುಂಬದ ಒಬ್ಬ ಯುವಕನ ಪಾಲಿಗೆ ಬಂತು. ಅವರೇ ಕಾರ್ಲ್ ಗುಥೆ ಜಾನ್ಸ್ಕಿ.

ರೇಡಿಯೊ ಕೇಳುವ ಅಭ್ಯಾಸವಿರುವ ಕನ್ನಡಿಗರಿಗೆ ಈ ಕಾಟ ಅಪರಿಚಿತವಲ್ಲ. ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಬರುತ್ತಿರುವಾಗ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ರೇಡಿಯೊ ಗೊರಗುಟ್ಟುತ್ತದೆ. ದೂರದಲ್ಲೆಲ್ಲೋ ಮಿಂಚು ಹೊಡೆದರೆ ಚಟಾರನೆ ಸದ್ದು ಮಾಡುತ್ತದೆ. ವಿದ್ಯುತ್ ಪ್ರವಾಹ ಥಟ್ಟನೆ ಏರಿಳಿದಾಗಲೆಲ್ಲ ಅದು ಸುತ್ತಲೂ ಅಲೆಗಳನ್ನು ಎಬ್ಬಿಸುತ್ತದೆ. ಆ ಅಲೆ ಬೇರೊಂದು ಉಪಕರಣದೊಳಗೆ ನುಸುಳಿ ಅದರ ಕೆಲಸ ಕೆಡಿಸಿದರೆ ಅದನ್ನು ವಿದ್ಯುತ್ಕಾಂತೀಯ ಅಡಚಣೆ ಎನ್ನುತ್ತಾರೆ. ಒಂದು ಉಪಕರಣ ಇನ್ನೊಂದರ ಕೆಲಸ ಕೆಡಿಸದಂತೆ, ತಾನೂ ಕೆಡದಂತೆ ಬಾಳುವುದೇ ವಿದ್ಯುತ್ಕಾಂತೀಯ ಹೊಂದಾಣಿಕೆ. ಇಂದು ಕೃತಕ ಉಪಗ್ರಹದಿಂದ ಹಿಡಿದು ಮೊಬೈಲ್ ಫೋನಿನವರೆಗೆ ಪ್ರತಿಯೊಂದೂ ಈ ಪರೀಕ್ಷೆಗೆ ಒಳಗಾಗಬೇಕು. ಜಾನ್ಸ್ಕಿ ಕೆಲಸಕ್ಕೆ ಸೇರಿದ ಕಾಲಕ್ಕೆ ಇದು ಇನ್ನೂ ಒಂದು ಶಾಸ್ತ್ರವಾಗಿ ರೂಪುಗೊಂಡಿರಲಿಲ್ಲ. ಗದ್ದಲವನ್ನು ಅಳೆಯುವ ವಿಧಾನವನ್ನೂ ಅವರೇ ಬಹುಮಟ್ಟಿಗೆ ರೂಪಿಸಿಕೊಳ್ಳಬೇಕಾಗಿತ್ತು.

ಜಾನ್ಸ್ಕಿ ಹುಟ್ಟಿದ್ದು 1905ರ ಅಕ್ಟೋಬರ್ 22ರಂದು, ಅಮೆರಿಕದ ಓಕ್ಲಹೋಮಾ ಪ್ರಾಂತದ ನಾರ್ಮನ್ ಎಂಬ ಊರಿನಲ್ಲಿ. ತಂದೆ ಸಿರಿಲ್ ಜಾನ್ಸ್ಕಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಕಾರ್ಲ್ ಗುಥೆ ಎಂಬ ಭೌತವಿಜ್ಞಾನಿಯ ಮೇಲಿನ ಗೌರವದಿಂದ ಮಗನಿಗೆ ಆ ಹೆಸರನ್ನೇ ಇಟ್ಟರು. ಮುಂದೆ ಕುಟುಂಬ ವಿಸ್ಕಾನ್ಸಿನ್‌ಗೆ ಬಂದು ನೆಲೆಸಿತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜಾನ್ಸ್ಕಿ 1927ರಲ್ಲಿ ಭೌತವಿಜ್ಞಾನದ ಪದವಿ ಪಡೆದರು. ಐಸ್ ಹಾಕಿ ಆಡುವ ಚುರುಕಿನ ಹುಡುಗ. ಆದರೆ ಎಳೆ ವಯಸ್ಸಿನಲ್ಲೇ ಮೂತ್ರಪಿಂಡದ ಕಾಯಿಲೆ ಅಂಟಿಕೊಂಡಿತು. ಅದು ಕೊನೆಯವರೆಗೂ ಬಿಡಲಿಲ್ಲ.

ಈ ಕಾಯಿಲೆಯ ಕಾರಣದಿಂದಲೇ ಬೆಲ್ ಪ್ರಯೋಗಾಲಯ ಅವರನ್ನು ಸೇರಿಸಿಕೊಳ್ಳಲು ಮೊದಲು ಹಿಂಜರಿದಿತ್ತು. ರೇಡಿಯೊ ಎಂಜಿನಿಯರ್ ಆಗಿದ್ದ ಅಣ್ಣ ತನಗೆ ಪರಿಚಯವಿದ್ದವರೊಡನೆ ಮಾತನಾಡಿ ಒಪ್ಪಿಸಿದರು. 1928ರಲ್ಲಿ ಕೆಲಸ ಸಿಕ್ಕಿತು. ನ್ಯೂಯಾರ್ಕ್ ನಗರದ ಒತ್ತಡ ಬೇಡವೆಂದು ನ್ಯೂಜೆರ್ಸಿಯ ಹಳ್ಳಿಗಾಡಿನಲ್ಲಿದ್ದ ಕೇಂದ್ರಕ್ಕೆ, ಮೊದಲು ಕ್ಲಿಫ್‌ವುಡ್‌ಗೆ, ಆಮೇಲೆ ಹತ್ತಿರದ ಹೋಮ್‌ಡೆಲ್‌ಗೆ ಕಳುಹಿಸಿದರು. ರೋಗಿಯೊಬ್ಬನ ಆರೋಗ್ಯಕ್ಕೆಂದು ಆರಿಸಿದ ಜಾಗ ರೇಡಿಯೊ ಗದ್ದಲ ಕಡಿಮೆಯಿರುವ ಜಾಗವೂ ಆಗಿತ್ತು. ಊರಿನ ನಡುವೆ ಇದ್ದಿದ್ದರೆ ಟ್ರಾಮ್, ಮೋಟಾರುಗಳ ಸದ್ದಿನಲ್ಲಿ ಅವರು ಮುಂದೆ ಕೇಳಿದ್ದು ಖಂಡಿತ ಹೂತುಹೋಗುತ್ತಿತ್ತು.

ಆಲೂಗಡ್ಡೆ ಹೊಲದ ತಿರುಗಣಿ

ಹೋಮ್‌ಡೆಲ್‌ನಲ್ಲಿ ಹಿಂದೆ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲದಲ್ಲಿ ಜಾನ್ಸ್ಕಿ ತಮ್ಮ ಆಂಟೆನಾ ಕಟ್ಟಿದರು. ಸುಮಾರು 30 ಮೀಟರ್ ಉದ್ದ, 6 ಮೀಟರ್ ಎತ್ತರದ ಮರದ ಚೌಕಟ್ಟು. ಅದರ ಮೇಲೆ ಹಿತ್ತಾಳೆಯ ಕೊಳವೆಗಳು. ಇಡೀ ಚೌಕಟ್ಟನ್ನು ಫೋರ್ಡ್ ಮಾಡೆಲ್-ಟಿ ಕಾರಿನ ನಾಲ್ಕು ಚಕ್ರಗಳ ಮೇಲೆ ನಿಲ್ಲಿಸಲಾಗಿತ್ತು. ಒಂದು ಮೋಟಾರು ಅದನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಪೂರ್ತಿ ಒಂದು ಸುತ್ತು ತಿರುಗಿಸುತ್ತಿತ್ತು. ಜಾತ್ರೆಯಲ್ಲಿ ಮಕ್ಕಳು ಕೂರುವ ತಿರುಗಣಿಯ ಹೆಸರನ್ನೇ ಸಹೋದ್ಯೋಗಿಗಳು ಅದಕ್ಕೆ ಅಂಟಿಸಿಬಿಟ್ಟರು. 20.5 ಮೆಗಾಹರ್ಟ್ಸ್ ಕಂಪನಾಂಕ, ಅಂದರೆ 14.6 ಮೀಟರ್ ಉದ್ದದ ಅಲೆಗಳನ್ನು ಅದು ಹಿಡಿಯುತ್ತಿತ್ತು. ಹತ್ತಿರದ ಗುಡಿಸಲಿನಲ್ಲಿ ಗ್ರಾಹಕ ಯಂತ್ರ. ಬಂದ ಸದ್ದಿನ ಬಲವನ್ನು ಒಂದು ಲೇಖನಿ ಉದ್ದನೆಯ ಕಾಗದದ ಪಟ್ಟಿಯ ಮೇಲೆ ತಾನಾಗಿಯೇ ಗೆರೆ ಎಳೆದು ದಾಖಲಿಸುತ್ತಿತ್ತು.

ಆಂಟೆನಾ ತಿರುಗುವುದೇ ಇಲ್ಲಿ ಮುಖ್ಯ. ನಿಂತ ಆಂಟೆನಾಕ್ಕೆ ಸದ್ದು ಬಂದುದಷ್ಟೇ ತಿಳಿಯುತ್ತದೆ. ತಿರುಗುವ ಆಂಟೆನಾಕ್ಕೆ ಅದು ಬಂದ ದಿಕ್ಕೂ ತಿಳಿಯುತ್ತದೆ. ಗದ್ದಲದ ಮೂಲ ಹುಡುಕುವ ಯಾವ ಎಂಜಿನಿಯರನಿಗೂ ಮೊದಲ ಅನುಮಾನ ತನ್ನ ಯಂತ್ರದ ಮೇಲೆಯೇ ಇರುತ್ತದೆ. ಯಂತ್ರದೊಳಗೇ ಹುಟ್ಟಿದ ಸದ್ದು ಆಂಟೆನಾ ಎತ್ತ ತಿರುಗಿದರೂ ಒಂದೇ ಸಮನಿರುತ್ತದೆ. ಹೊರಗಿನಿಂದ ಬಂದದ್ದಾದರೆ ಸುತ್ತಿಗೊಮ್ಮೆ ಏರಿ ಇಳಿಯುತ್ತದೆ. ಈ ಸರಳ ತರ್ಕವನ್ನು ಜಾನ್ಸ್ಕಿ ವರ್ಷಗಟ್ಟಲೆ ತಾಳ್ಮೆಯಿಂದ ಬಳಸಿದರು.

ತಿಂಗಳುಗಳ ದಾಖಲೆಯನ್ನು ಅಳೆದು ಸುರಿದು ನೋಡಿದ ಮೇಲೆ ಅವರು ಗದ್ದಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹತ್ತಿರದ ಗುಡುಗು-ಮಿಂಚಿನ ಚಟಪಟ ಸದ್ದು ಒಂದು. ದೂರದ ಗುಡುಗು-ಮಿಂಚಿನಿಂದ ಹೊರಟು, ವಾತಾವರಣದ ಮೇಲ್ಪದರದಲ್ಲಿ ಪ್ರತಿಫಲಿಸಿ ಬರುವ ಸದ್ದು ಇನ್ನೊಂದು. ಇವೆರಡೂ ನಿರೀಕ್ಷಿತವೇ. ಮೂರನೆಯದು ಮಾತ್ರ ವಿಚಿತ್ರವಾಗಿತ್ತು: ಏರಿಳಿತವಿಲ್ಲದ, ಬಲು ಕ್ಷೀಣವಾದ ಒಂದು ಸುಯ್ಲು. ಮಳೆ ಬರಲಿ, ಬಿಸಿಲಿರಲಿ, ಅದು ಇದ್ದೇ ಇರುತ್ತಿತ್ತು. ಆಂಟೆನಾದ ಪ್ರತಿ ಸುತ್ತಿನಲ್ಲೂ ಒಂದು ನಿರ್ದಿಷ್ಟ ದಿಕ್ಕಿಗೆ ಬಂದಾಗ ಹೆಚ್ಚಾಗುತ್ತಿತ್ತು. ಆ ದಿಕ್ಕಾದರೂ ಹೊತ್ತಿನೊಂದಿಗೆ ಪೂರ್ವದಿಂದ ಪಶ್ಚಿಮಕ್ಕೆ ಸರಿಯುತ್ತಿತ್ತು.

ಗುತ್ತಿಗೆಯ ಪ್ರಕಾರ ಹೇಳುವುದಾದರೆ ಅವರ ಕೆಲಸ ಅಲ್ಲಿಗೆ ಮುಗಿದಂತೆ. ದೂರವಾಣಿಗೆ ನಿಜವಾಗಿ ತೊಂದರೆ ಕೊಡುತ್ತಿದ್ದವು ಮೊದಲ ಎರಡು. ಮೂರನೆಯದನ್ನು ಅಲಕ್ಷಿಸಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ.

ಧನುರ್ಮಾಸದ ಸೂರ್ಯ

1931ರ ಕೊನೆ ಮತ್ತು 1932ರ ಆರಂಭದಲ್ಲಿ ಆ ಸುಯ್ಲಿನ ದಿಕ್ಕು ಹೆಚ್ಚುಕಡಿಮೆ ಸೂರ್ಯನ ದಿಕ್ಕೇ ಆಗಿತ್ತು. ಸೂರ್ಯನೇ ಇದರ ಮೂಲವಿರಬೇಕು ಎಂದು ಜಾನ್ಸ್ಕಿ ಭಾವಿಸಿದ್ದು ಸಹಜ. ಆದರೆ ವಾರಗಳು ಉರುಳಿದಂತೆ ಸದ್ದು ಸೂರ್ಯನನ್ನು ಬಿಟ್ಟು ಮುಂದೆ ಸರಿಯತೊಡಗಿತು. ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ. ತಿಂಗಳಿಗೆ ಎರಡು ಗಂಟೆ ಮುಂಚೆ. 1932ರ ಆಗಸ್ಟ್ 31ರ ಸೂರ್ಯಗ್ರಹಣದ ದಿನ ಅವರು ಅಳೆದು ನೋಡಿದರು. ಗ್ರಹಣದಿಂದ ಆ ಸದ್ದಿಗೆ ಏನೂ ಆಗಲಿಲ್ಲ.

ಜಾನ್ಸ್ಕಿ ಖಗೋಳ ಓದಿದವರಲ್ಲ. ಸಹೋದ್ಯೋಗಿ ಮೆಲ್ವಿನ್ ಸ್ಕೆಲೆಟ್ ಆಗ ಬೆಲ್‌ನಲ್ಲಿ ಕೆಲಸ ಮಾಡುತ್ತಲೇ ಪ್ರಿನ್ಸ್‌ಟನ್‌ನಲ್ಲಿ ಖಗೋಳ ವಿಜ್ಞಾನ ಅಭ್ಯಾಸ ಮಾಡುತ್ತಿದ್ದರು. ನಾಲ್ಕು ನಿಮಿಷಗಳ ಲೆಕ್ಕದ ಅರ್ಥ ತಿಳಿಯಲು ಅವರ ನೆರವು ಒದಗಿತು. ಭೂಮಿ ಸೂರ್ಯನನ್ನು ಕುರಿತು ಒಂದು ಸುತ್ತು ತಿರುಗಲು 24 ಗಂಟೆ. ನಕ್ಷತ್ರಗಳನ್ನು ಕುರಿತು ತಿರುಗಲು 23 ಗಂಟೆ 56 ನಿಮಿಷ. ಸದ್ದು ಈ ಎರಡನೆಯ ಗಡಿಯಾರವನ್ನು ಅನುಸರಿಸುತ್ತಿತ್ತು. ಅಂದಮೇಲೆ ಅದರ ಮೂಲ ಭೂಮಿಯಲ್ಲಿಲ್ಲ, ಸೂರ್ಯನಲ್ಲೂ ಇಲ್ಲ. ನಕ್ಷತ್ರಗಳ ನಡುವೆ ಒಂದೆಡೆ ಅದು ಸ್ಥಿರವಾಗಿ ನಿಂತಿದೆ. ಆ ಎಡೆ ಧನುರಾಶಿಯ ಕಡೆಗಿತ್ತು. ನಮ್ಮ ಆಕಾಶಗಂಗೆಯ ಕೇಂದ್ರವೂ ಇರುವುದು ಅಲ್ಲಿಯೇ.

ಪಂಚಾಂಗ ನೋಡುವವರಿಗೆ ಜಾನ್ಸ್ಕಿಯವರ ಆರಂಭದ ಊಹೆ ಏಕೆ ದಾರಿ ತಪ್ಪಿತೆಂದು ವಿವರಿಸಬೇಕಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಸೂರ್ಯ ಧನುರಾಶಿಯಲ್ಲಿರುತ್ತಾನೆ. ನಮ್ಮ ಧನುರ್ಮಾಸ ಅದೇ. ಆ ದಿನಗಳಲ್ಲಿ ಸೂರ್ಯನೂ ಆಕಾಶಗಂಗೆಯ ಕೇಂದ್ರವೂ ಒಂದೇ ದಿಕ್ಕಿನಲ್ಲಿರುತ್ತವೆ. ಜಾನ್ಸ್ಕಿ ದಿಕ್ಕನ್ನು ಗಮನಿಸಿದ್ದು ಆ ಕಾಲದಲ್ಲೇ ಆದ್ದರಿಂದ ಎರಡನ್ನೂ ಬೇರ್ಪಡಿಸಲು ಮತ್ತೊಂದು ವರ್ಷದ ದಾಖಲೆ ಬೇಕಾಯಿತು.

ಅದೃಷ್ಟವೂ ಅವರ ಪಾಲಿಗಿತ್ತು. 1933ರ ಸುಮಾರಿಗೆ ಸೂರ್ಯನ ಚಟುವಟಿಕೆ ತನ್ನ ಹನ್ನೊಂದು ವರ್ಷಗಳ ಆವರ್ತದಲ್ಲಿ ತೀರ ಕೆಳಮಟ್ಟಕ್ಕೆ ಇಳಿದಿತ್ತು. ಕಲೆಗಳು ತುಂಬಿದ ಸೂರ್ಯನಿದ್ದಿದ್ದರೆ ವಾತಾವರಣದ ಅಯಾನು ಪದರ ದಟ್ಟವಾಗಿ, 20.5 ಮೆಗಾಹರ್ಟ್ಸ್ ಅಲೆಗಳಿಗೆ ಹೊರಗಿನಿಂದ ಒಳಬರಲು ಹಗಲಿನಲ್ಲಿ ದಾರಿಯೇ ಕಷ್ಟವಾಗುತ್ತಿತ್ತು.

1933ರ ಏಪ್ರಿಲ್ 27ರಂದು ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಜಾನ್ಸ್ಕಿ ಈ ಫಲಿತಾಂಶ ಮಂಡಿಸಿದರು. ಪ್ರಬಂಧದ ಶೀರ್ಷಿಕೆಯಲ್ಲಿ ನಕ್ಷತ್ರಗಳ ಸುಳಿವೇ ಇರಲಿಲ್ಲ. ಸುಯ್ಲಿನಂಥ ವಾತಾವರಣ ಗದ್ದಲದ ಕುರಿತ ಟಿಪ್ಪಣಿ ಎಂಬಷ್ಟೇ ಅರ್ಥದ ಹೆಸರು. ಸಭೆಯಲ್ಲಿ ಯಾರೂ ವಿಶೇಷವಾಗಿ ಕಿವಿಗೊಡಲಿಲ್ಲ. ಬೆಲ್ ಪ್ರಯೋಗಾಲಯ ಪತ್ರಿಕಾ ಹೇಳಿಕೆ ಹೊರಡಿಸಿದ ಮೇಲೆ ಮಾತ್ರ ಸುದ್ದಿ ಸ್ಫೋಟಿಸಿತು. ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿ ಅಚ್ಚು ಹಾಕಿತು. ಹತ್ತು ದಿನಗಳ ನಂತರ ಎನ್‌ಬಿಸಿ ರೇಡಿಯೊ ಆ ಸುಯ್ಲನ್ನೇ ಹೋಮ್‌ಡೆಲ್‌ನಿಂದ ನೇರವಾಗಿ ದೇಶಕ್ಕೆಲ್ಲ ಕೇಳಿಸಿತು. ಯಾವ ಸದ್ದನ್ನು ರೇಡಿಯೊದಿಂದ ತೊಲಗಿಸಲು ಸಂಬಳ ಕೊಟ್ಟು ನೇಮಿಸಿದ್ದರೋ ಅದೇ ಸದ್ದು ರೇಡಿಯೊ ಕಾರ್ಯಕ್ರಮವಾಯಿತು!

ತೊಲಗಿಸಲಾಗದ ಗದ್ದಲ

1935ರಲ್ಲಿ ಜಾನ್ಸ್ಕಿ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಸದ್ದು ಆಕಾಶಗಂಗೆಯ ಕೇಂದ್ರದಿಂದ ಮಾತ್ರವಲ್ಲ, ಅದರ ಇಡೀ ಪಟ್ಟಿಯಿಂದ ಬರುತ್ತದೆ, ಕೇಂದ್ರದ ಕಡೆ ಅತಿ ಹೆಚ್ಚು ಎಂದು ಅದರಲ್ಲಿ ತೋರಿಸಿದರು. ಶೀರ್ಷಿಕೆಯಲ್ಲಿ ಅದನ್ನು ಅವರು ಕರೆದದ್ದು ನಕ್ಷತ್ರಾಂತರ ಅಡಚಣೆ ಎಂಬ ಅರ್ಥದ ಪದಗಳಿಂದ. ಬ್ರಹ್ಮಾಂಡದ ಹೊಸ ಕಿಟಕಿಯೊಂದನ್ನು ತೆರೆದವರ ಬಾಯಲ್ಲೂ ಕೊನೆಗೆ ಉಳಿದದ್ದು ಅಡಚಣೆ ಎಂಬ ವೃತ್ತಿಯ ಪದವೇ. ನಕ್ಷತ್ರಗಳ ನಡುವಿನ ಬಿಸಿ ಕಣಗಳ ಓಡಾಟದಿಂದ ಸದ್ದು ಹುಟ್ಟುತ್ತಿರಬಹುದೆಂದೂ ಅವರು ಊಹಿಸಿದರು. ವಾಹಕದೊಳಗಿನ ಎಲೆಕ್ಟ್ರಾನುಗಳ ಶಾಖದ ಓಡಾಟವೂ ಇಂಥದೇ ಸುಯ್ಲನ್ನು ಹುಟ್ಟಿಸುತ್ತದೆ ಎಂಬುದನ್ನು ಕೆಲವೇ ವರ್ಷಗಳ ಹಿಂದೆ ಬೆಲ್ ಪ್ರಯೋಗಾಲಯದ ಜಾನ್ಸನ್ ತೋರಿಸಿಕೊಟ್ಟಿದ್ದರು. ಊಹೆ ಪೂರ್ತಿ ಸರಿಯಾಗಿರಲಿಲ್ಲ. ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡುವ ಎಲೆಕ್ಟ್ರಾನುಗಳು ಆಕಾಶಗಂಗೆಯ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವಾಗ ಈ ಅಲೆಗಳು ಹೊಮ್ಮುತ್ತವೆ ಎಂಬ ವಿವರಣೆ ಬಂದದ್ದು 1950ರಲ್ಲಿ, ಜಾನ್ಸ್ಕಿ ತೀರಿಕೊಂಡ ವರ್ಷದಲ್ಲಿ.

ಇಷ್ಟಾದ ಮೇಲೆ ಅವರಿಗೆ ಈ ಸಂಶೋಧನೆ ಮುಂದುವರಿಸಲು ಅವಕಾಶವಾಗಲಿಲ್ಲ. ಇದು ಯಾರ ತಪ್ಪು ಎಂಬುದು ದೀರ್ಘಕಾಲದ ವಿವಾದ. ದೊಡ್ಡ ಆಂಟೆನಾ ಕಟ್ಟುವ ಆಸೆ ಅವರಿಗಿತ್ತು, ಸಂಸ್ಥೆ ಬೇರೆ ಕೆಲಸಕ್ಕೆ ಹಚ್ಚಿತು ಎಂದು ಒಂದು ಪಕ್ಷ ಹೇಳುತ್ತದೆ. ಮನೆಯವರಿಗೆ ಅವರು ಬರೆದ ಪತ್ರಗಳಲ್ಲಿ ಆ ನಿರಾಸೆ ಕಾಣುತ್ತದೆ. ಮೇಲಧಿಕಾರಿಯಾಗಿದ್ದ ಹರಾಲ್ಡ್ ಫ್ರಿಸ್ 1965ರಲ್ಲಿ ಇದನ್ನು ಅಲ್ಲಗಳೆದು, ಅಂಥ ಇಚ್ಛೆಯನ್ನು ಜಾನ್ಸ್ಕಿ ತಮ್ಮೆದುರು ವ್ಯಕ್ತಪಡಿಸಿರಲೇ ಇಲ್ಲವೆಂದರು. ಎರಡೂ ನಿಜವಿರಲು ಸಾಧ್ಯ. ಆರ್ಥಿಕ ಮುಗ್ಗಟ್ಟಿನ ದಿನಗಳು, ಕಾಯಿಲೆಯ ಶರೀರ, ಹೆಂಡತಿ, ಮಕ್ಕಳು. ಇದ್ದ ಕೆಲಸ ಉಳಿಸಿಕೊಳ್ಳುವುದೇ ದೊಡ್ಡದಾಗಿದ್ದ ಕಾಲದಲ್ಲಿ ಮೇಲಿನವರೆದುರು ನುಡಿಯದ ಮಾತನ್ನು ತಂದೆ-ತಾಯಿಗೆ ಬರೆದಿರುವುದರಲ್ಲಿ ಅಚ್ಚರಿಯೇನಿಲ್ಲ. ಸಂಸ್ಥೆಯ ದೃಷ್ಟಿಯಿಂದಲೂ ಲೆಕ್ಕ ಸರಳವಾಗಿತ್ತು. ನಕ್ಷತ್ರಗಳ ಗದ್ದಲವನ್ನು ಯಾರೂ ತೊಲಗಿಸಲಾರರು. ಅದು ಇಷ್ಟಿದೆ ಎಂದು ತಿಳಿದರೆ ಗ್ರಾಹಕ ಯಂತ್ರವನ್ನು ಅದಕ್ಕಿಂತ ಸೂಕ್ಷ್ಮಗೊಳಿಸಿ ಪ್ರಯೋಜನವಿಲ್ಲ ಎಂಬ ಮಿತಿಯೂ ತಿಳಿದಂತೆ. ದೂರವಾಣಿಗೆ ಅಷ್ಟು ಸಾಕು.

ಖಗೋಳಜ್ಞರ ಉದಾಸೀನವನ್ನು ಮಾತ್ರ ಸಮರ್ಥಿಸುವುದು ಕಷ್ಟ. ದೂರದರ್ಶಕದ ಗಾಜು ಬಲ್ಲ ಅವರಿಗೆ ತಂತಿ, ಕವಾಟಗಳ ಭಾಷೆ ತಿಳಿಯದು. ಎಂಜಿನಿಯರುಗಳಿಗೆ ನಕ್ಷತ್ರ ಬೇಡ. ನಡುವೆ ಬಿದ್ದದ್ದನ್ನು ಎತ್ತಿಕೊಂಡವರು ಗ್ರೋಟ್ ರೀಬರ್ ಎಂಬ ಹವ್ಯಾಸಿ. 1937ರಲ್ಲಿ ಇಲಿನಾಯ್ ಪ್ರಾಂತದ ವೀಟನ್ ಊರಿನ ತಮ್ಮ ಮನೆಯಂಗಳದಲ್ಲಿ ಸ್ವಂತ ಖರ್ಚಿನಿಂದ ಸುಮಾರು ಒಂಬತ್ತೂವರೆ ಮೀಟರ್ ಅಗಲದ ಬಟ್ಟಲು ಆಂಟೆನಾ ಕಟ್ಟಿ, ಕೆಲವು ವಿಫಲ ಯತ್ನಗಳ ನಂತರ 160 ಮೆಗಾಹರ್ಟ್ಸ್‌ನಲ್ಲಿ ಜಾನ್ಸ್ಕಿಯ ಸದ್ದನ್ನು ಮತ್ತೆ ಹಿಡಿದರು. ಹಗಲೆಲ್ಲ ಉದ್ಯೋಗ, ರಾತ್ರಿ ಆಕಾಶ. ರಾತ್ರಿಯನ್ನು ಆರಿಸಿಕೊಳ್ಳಲು ಇನ್ನೂ ಒಂದು ಕಾರಣವಿತ್ತು: ಬೀದಿಯಲ್ಲಿ ಹೋಗುವ ಕಾರುಗಳ ಸ್ಪಾರ್ಕ್ ಪ್ಲಗ್ಗುಗಳ ಕಿಡಿ ಹಗಲಿನಲ್ಲಿ ಅವರ ಕಾಗದದ ಪಟ್ಟಿಯನ್ನು ಗೀಚಿ ಹಾಳುಮಾಡುತ್ತಿತ್ತು.

ಇತ್ತ ಜಾನ್ಸ್ಕಿ ಗದ್ದಲದ ಎಂಜಿನಿಯರ್ ಆಗಿಯೇ ಉಳಿದರು. ಕಿರುತರಂಗ ಗ್ರಾಹಕಗಳಲ್ಲಿ ಸಾಧಿಸಬಹುದಾದ ಕನಿಷ್ಠ ಗದ್ದಲದ ಬಗ್ಗೆ 1937ರಲ್ಲಿ, ಬಗೆಬಗೆಯ ಗದ್ದಲಗಳ ಗುಣಲಕ್ಷಣಗಳ ಬಗ್ಗೆ 1939ರಲ್ಲಿ ಪ್ರಬಂಧ ಬರೆದರು. ಯುದ್ಧಕಾಲದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ರೇಡಿಯೊ ಸಂಕೇತ ಹಿಡಿದು ಅವುಗಳ ನೆಲೆ ಗುರುತಿಸುವ ಉಪಕರಣಗಳ ಮೇಲೆ ದುಡಿದರು. ದಿಕ್ಕು ಹುಡುಕುವ ಅದೇ ಹಳೆಯ ವಿದ್ಯೆ. ಸೇನೆಯಿಂದ ಪ್ರಶಂಸೆಯೂ ಬಂತು. ವಿಜ್ಞಾನ ಲೋಕದ ದೊಡ್ಡ ಪ್ರಶಸ್ತಿ ಯಾವುದೂ ಬದುಕಿದ್ದಾಗ ಬರಲಿಲ್ಲ. 1950ರ ಫೆಬ್ರುವರಿ 14ರಂದು, 44ನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯ ರೆಡ್ ಬ್ಯಾಂಕ್‌ನಲ್ಲಿ ಕೊನೆಯುಸಿರೆಳೆದರು.

ಅವರ ಬಳಿಕ ಅಡಚಣೆಯ ಬೆನ್ನು ಹತ್ತಿ ಆಕಾಶ ತಲುಪಿದವರ ಸಾಲೇ ಇದೆ. ವಾಸ್ತವವಾಗಿ ಅವರು ಬದುಕಿದ್ದಾಗಲೇ, 1942ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ರೇಡಾರುಗಳು ಕುರುಡಾದಾಗ ಶತ್ರುವಿನ ಕೃತ್ಯವೆಂದೇ ಹುಡುಕಹೊರಟ ಜೇಮ್ಸ್ ಹೇ ಅವರಿಗೆ ಸಿಕ್ಕಿದ್ದು ಸೂರ್ಯನ ರೇಡಿಯೊ ಅಬ್ಬರ. 1955ರಲ್ಲಿ ಬರ್ಕ್ ಮತ್ತು ಫ್ರಾಂಕ್ಲಿನ್ ಮೊದಲಿಗೆ ಯಾವುದೋ ವಾಹನದ ಕಿಡಿಯೆಂದು ಸಂಶಯಿಸಿದ ಸದ್ದು ಗುರುಗ್ರಹದ್ದಾಗಿತ್ತು. ಹೋಮ್‌ಡೆಲ್‌ನಲ್ಲೇ, ಜಾನ್ಸ್ಕಿಯ ಹೊಲದ ಸಮೀಪದ ದಿಬ್ಬದ ಮೇಲೆ, ಪೆನ್ಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದೊಳಗಿನ ಪಾರಿವಾಳದ ಹಿಕ್ಕೆ ಬಳಿದು ತೆಗೆದ ಮೇಲೂ ಹೋಗದ ಗದ್ದಲ ವಿಶ್ವದ ಹುಟ್ಟಿನ ಕಾಲದ ಉಳಿಕೆಯೆಂದು 1965ರಲ್ಲಿ ತಿಳಿಯಿತು. ಅದಕ್ಕೆ 1978ರಲ್ಲಿ ನೊಬೆಲ್ ಬಂತು.

ಕರ್ನಾಟಕಕ್ಕೂ ಈ ವಂಶವೃಕ್ಷದ ಒಂದು ಕೊಂಬೆ ಚಾಚಿದೆ. ಗೌರಿಬಿದನೂರಿನ ಬಳಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1970ರ ದಶಕದಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ ಆಲಿಸಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಜಾನ್ಸ್ಕಿಯ ಕಂಪನಾಂಕಕ್ಕೆ ತೀರ ದೂರವಲ್ಲ. ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಉದ್ದನೆಯ ತೋಳು 1.38 ಕಿಲೋಮೀಟರ್ ಇರುವಂತೆ ನೆಟ್ಟು, ಆಕಾಶದ ನಕ್ಷೆ ತೆಗೆಯಲಾಯಿತು.

ಈಗ ಅಡಚಣೆ ಮೇಲಿನಿಂದಲೇ ಬರತೊಡಗಿದೆ. 2019ರಿಂದೀಚೆಗೆ ಸ್ಟಾರ್‌ಲಿಂಕ್‌ನಂಥ ಇಂಟರ್ನೆಟ್ ಉಪಗ್ರಹಗಳು ಸಾವಿರಗಟ್ಟಲೆಯಾಗಿ ಕಕ್ಷೆ ಸೇರಿವೆ. ಅವು ಉದ್ದೇಶಪೂರ್ವಕವಾಗಿ ಪ್ರಸಾರ ಮಾಡುವ ಕಂಪನಾಂಕಗಳಿಗೆ ಅಂತರರಾಷ್ಟ್ರೀಯ ಕಟ್ಟುಪಾಡುಗಳಿವೆ. ಆದರೆ ಒಡಲೊಳಗಿನ ಎಲೆಕ್ಟ್ರಾನಿಕ್ ಮಂಡಲಗಳಿಂದ ಸೋರುವ ಅಲೆಗಳ ಕತೆ ಬೇರೆ. ಯುರೋಪಿನ ಲೋಫಾರ್ ದೂರದರ್ಶಕ 68 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಗಮನಿಸಿ, ಅವುಗಳಲ್ಲಿ 47ರಿಂದ 110ರಿಂದ 188 ಮೆಗಾಹರ್ಟ್ಸ್ ನಡುವೆ ಇಂಥ ಸೋರಿಕೆ ಕಂಡಿತೆಂದು 2023ರಲ್ಲಿ ವರದಿಯಾಯಿತು. ಖಗೋಳಜ್ಞರಿಗಾಗಿ ಕಾದಿರಿಸಿದ 150.05ರಿಂದ 153 ಮೆಗಾಹರ್ಟ್ಸ್ ಪಟ್ಟಿಯೂ ಇದರೊಳಗೇ ಬರುತ್ತದೆ. ಮರುವರ್ಷದ ಅಧ್ಯಯನದಲ್ಲಿ ಎರಡನೆಯ ಪೀಳಿಗೆಯ ಉಪಗ್ರಹಗಳ ಸೋರಿಕೆ ಮೊದಲಿನದಕ್ಕಿಂತ 32 ಪಟ್ಟಿನವರೆಗೂ ಪ್ರಖರವಾಗಿತ್ತು. ಉಪಗ್ರಹ ಕಟ್ಟುವವರು ತಮ್ಮ ಒಂದು ಉಪಕರಣ ಇನ್ನೊಂದನ್ನು ಕೆಡಿಸದಂತೆ ಲೋಹದ ಕವಚ, ಶೋಧಕಗಳಿಂದ ಎಚ್ಚರ ವಹಿಸುತ್ತಾರೆ. ನೆಲದ ಮೇಲಿನ ಅತಿಸೂಕ್ಷ್ಮ ಕಿವಿಗಳಿಗೆ ಆ ಎಚ್ಚರ ಸಾಲದು. ಹೊಂದಾಣಿಕೆ ಎಂಬುದು ಉಪಗ್ರಹದ ಗೋಡೆಯೊಳಗೆ ಮಾತ್ರ ಮುಗಿಯುವ ಲೆಕ್ಕವಾಗಿದ್ದರೆ ಆಕಾಶಕ್ಕೆ ಅದರಿಂದ ಉಪಯೋಗವಿಲ್ಲ.

ಈ ಅಧ್ಯಯನಗಳಲ್ಲಿ ಸೋರಿಕೆಯ ಬಲವನ್ನು ಅಳೆದ ಮಾನದ ಹೆಸರು ಜಾನ್ಸ್ಕಿ. ಒಂದು ಚದರ ಮೀಟರಿಗೆ, ಒಂದು ಹರ್ಟ್ಸ್ ಅಗಲದಲ್ಲಿ ಬೀಳುವ ವಾಟ್‌ನ ಅಂಶ; ದಶಮಾಂಶ ಬಿಂದುವಿನ ನಂತರ 25 ಸೊನ್ನೆ ಬರೆದು ಆಮೇಲೆ ಒಂದು ಬರೆದರೆ ಎಷ್ಟೋ ಅಷ್ಟು. 1973ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಆ ಹೆಸರನ್ನು ಒಪ್ಪಿತು. ನ್ಯೂಮೆಕ್ಸಿಕೋದ ಪ್ರಸಿದ್ಧ ರೇಡಿಯೊ ದೂರದರ್ಶಕ ಸಮೂಹಕ್ಕೆ 2012ರಲ್ಲಿ ಅವರ ಹೆಸರಿಟ್ಟರು.

ಹೋಮ್‌ಡೆಲ್‌ನ ಮರದ ಚೌಕಟ್ಟು ಎಂದೋ ಮಣ್ಣು ಸೇರಿತ್ತು. ಅದು ನಿಂತಿದ್ದ ಜಾಗವೂ ಮರೆತುಹೋಗಿತ್ತು. 1998ರಲ್ಲಿ ಟೋನಿ ಟೈಸನ್ ಮತ್ತು ರಾಬರ್ಟ್ ವಿಲ್ಸನ್ ಅದನ್ನು ಹುಡುಕಿ ಗುರುತಿಸಿದರು. ಅಲ್ಲಿ ಈಗ ಒಂದು ಸ್ಮಾರಕವಿದೆ. 1932ರ ಸೆಪ್ಟೆಂಬರ್ 16ರ ಸಂಜೆ 7 ಗಂಟೆ 10 ನಿಮಿಷಕ್ಕೆ, ಸುಯ್ಲು ಅತ್ಯಂತ ಬಲವಾಗಿ ಕೇಳಿಸಿದಾಗ, ಜಾನ್ಸ್ಕಿಯ ಆಂಟೆನಾ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದೇ ದಿಕ್ಕಿಗೆ ಅದನ್ನು ನಿಲ್ಲಿಸಿದ್ದಾರೆ.